ಒಂದನೇ ನಂಬರಿನ ಬಾಟಲಿ

ತೊಂಬತ್ತೇಳು ಪರ್ಸೆಂಟ್ ಅನ್ನುವ ಅಂಕಿಯನ್ನು ಲೆಕ್ಕ ಹಾಕಿ ಕೊಟ್ಟವಳು ನಾನೇ. ಅದನ್ನು ನಂಬದೆ ಇದ್ದವಳೂ ನಾನೊಬ್ಬಳೇ.

ಹೊಸ ಶತಮಾನ ಶುರುವಾಗಿ ಎರಡೋ ಮೂರೋ ವರ್ಷ ಕಳೆದಿತ್ತು. ಬನಶಂಕರಿಯ ಆಚೆ ಇದ್ದ ನಮ್ಮ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ನಾನು ಪರಿಸರ ಲ್ಯಾಬಿನ ಇನ್‌ಸ್ಟ್ರಕ್ಟರ್. ಆ ವರ್ಷ ಓಪನ್ ಡೇ ಮಾಡಬೇಕು, ಜಯನಗರ, ಜೆ.ಪಿ. ನಗರದ ಜನರನ್ನೆಲ್ಲ ಒಳಗೆ ಕರೆದು ನಮ್ಮ ಕೆಲಸಗಳನ್ನು ತೋರಿಸಬೇಕು ಎಂದು ಮೇಲಿನವರು ತೀರ್ಮಾನಿಸಿದ್ದರು. ವಿಷಯ ಸುಸ್ಥಿರತೆ. ಮುಖ್ಯ ಗೇಟಿಗೆ ಮೂರು ವಾರ ಮೊದಲೇ ಬಟ್ಟೆಯ ಬ್ಯಾನರ್ ಕಟ್ಟಿದ್ದರು. ಗೇಟಿನ ವಾಚ್‌ಮನ್ ನನ್ನ ಮೊಪೆಡ್ ನಿಲ್ಲಿಸಿ, ಸುಸ್ಥಿರ ಅಂದರೆ ಏನು ಮೇಡಂ, ಬಂದವರು ಕೇಳಿದರೆ ಏನು ಹೇಳಲಿ ಎಂದ. ಇವತ್ತಿನದನ್ನು ನಾಳೆಗೂ ಉಳಿಯುವ ಹಾಗೆ ನೋಡಿಕೊಳ್ಳುವುದು ಅಂತ ಹೇಳಿ ಎಂದೆ. "ಅದಕ್ಕೆ ಬ್ಯಾನರ್ ಯಾಕ್ ಮೇಡಂ, ನಮ್ಮನೇಲಿ ತಿಂಗಳ ಕೊನೇ ವಾರ ಪೂರ್ತಿ ಅದೇ" ಅಂದ.

ಪ್ರದರ್ಶನಕ್ಕೆ ಬಿಸಿಲೊಲೆ ಇತ್ತು, ಎರೆಗೊಬ್ಬರ ಇತ್ತು, ಸೈಕಲ್ ತುಳಿದರೆ ನೀರೆತ್ತುವ ಪಂಪ್ ಇತ್ತು. ಆದರೆ ಎಲ್ಲಕ್ಕಿಂತ ದೊಡ್ಡದು ನಮ್ಮ ಪ್ರೊಫೆಸರರ ಜಲ್ಲಿ ಪಾತಿ. ಹಾಸ್ಟೆಲ್ ಮೆಸ್ಸಿನ ಹಿಂದೆ ಒಂದು ಲಾರಿಯಷ್ಟು ಉದ್ದದ ಗುಂಡಿ ತೆಗೆಸಿ, ಸುತ್ತ ಇಟ್ಟಿಗೆ ಕಟ್ಟಿಸಿ, ಜಲ್ಲಿ ತುಂಬಿಸಿ, ಅದರಲ್ಲಿ ಕಾಬಾಳೆ ಗಿಡ ಮತ್ತು ಜೊಂಡು ನೆಡಿಸಿದ್ದರು. ಅಡುಗೆಮನೆಯ ಬಚ್ಚಲ ನೀರು ಮೊದಲು ಮುಚ್ಚಿದ ಸಿಮೆಂಟ್ ತೊಟ್ಟಿಗೆ ಬರುತ್ತದೆ. ಅಲ್ಲಿಂದ ಜಲ್ಲಿಯೊಳಗೆ ಮೆಲ್ಲಗೆ ಹರಿಯುತ್ತದೆ. ಬೇರುಗಳಿಗೆ ಅಂಟಿಕೊಂಡ ಕಣ್ಣಿಗೆ ಕಾಣದ ಜೀವಿಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ಇನ್ನೊಂದು ತುದಿಯ ನಲ್ಲಿಯಲ್ಲಿ ಬರುವ ನೀರು ತೋಟಕ್ಕೆ. ಕರೆಂಟ್ ಬೇಡ, ಮೋಟಾರ್ ಬೇಡ. ಪ್ರೊಫೆಸರರು ಇದನ್ನು ಹೇಳುವಾಗ ಎರಡೂ ಕೈ ಅಗಲಿಸಿ, ಮದುವೆ ಮನೆಯಲ್ಲಿ ಊಟಕ್ಕೆ ಎಬ್ಬಿಸುವವರ ಹಾಗೆ ನಿಲ್ಲುತ್ತಿದ್ದರು.

ನನ್ನ ಕೆಲಸ ಅಳತೆ. ಪಾತಿ ಕಟ್ಟುವ ಮೊದಲು ಅಡುಗೆಮನೆಯ ನೀರು ಎಷ್ಟು ಕೊಳಕಾಗಿದೆ ಎಂದು ಒಮ್ಮೆ ಅಳೆದಿದ್ದೆ. ಅದು ಒಂದನೇ ನಂಬರಿನ ಬಾಟಲಿ. ಕಟ್ಟಿದ ಮೇಲೆ ವಾರಕ್ಕೊಮ್ಮೆ ಕೊನೆಯ ನಲ್ಲಿಯ ನೀರು ಹಿಡಿದು, ಮೂರು ದಿನ ಇನ್‌ಕ್ಯುಬೇಟರ್‌ನಲ್ಲಿಟ್ಟು, ಅದರಲ್ಲಿರುವ ಜೀವಿಗಳು ಎಷ್ಟು ಆಮ್ಲಜನಕ ಕುಡಿದವು ಎಂದು ನೋಡುತ್ತಿದ್ದೆ. ಹೆಚ್ಚು ಕುಡಿದಿದ್ದರೆ ಕೊಳೆ ಹೆಚ್ಚು. ಒಳಗೆ ಹೋಗುವ ನೀರನ್ನು ಮತ್ತೆ ಮತ್ತೆ ಅಳೆಯುವುದು ಬೇಡ, ರಾಸಾಯನಿಕಗಳ ಇಂಡೆಂಟ್ ಬರುವುದು ತಡ, ಇರುವುದನ್ನು ಹಿಡಿದು ಬಳಸೋಣ ಎಂದು ಪ್ರೊಫೆಸರರು ಮೊದಲೇ ಹೇಳಿದ್ದರು. ಒಂದನೇ ನಂಬರಿನ ಬಾಟಲಿ ಇದೆಯಲ್ಲ, ಅದೇ ಸಾಕು ಎಂದಿದ್ದರು. ನಾನೂ ಹೂಂ ಅಂದಿದ್ದೆ.

ಬೋರ್ಡ್ ಬರೆಯುವವನು ಬಂದು ಅಂಕಿ ಕೇಳಿದ ದಿನ ನಾನು ಹಳೆಯ ಅಳತೆಯನ್ನೂ ಹೊಸ ಅಳತೆಯನ್ನೂ ಅಕ್ಕಪಕ್ಕ ಇಟ್ಟು ಭಾಗಿಸಿದೆ. ನೂರಕ್ಕೆ ತೊಂಬತ್ತೇಳು ಪಾಲು ಕೊಳೆ ಹೋಗಿದೆ ಎಂದು ಬಂತು. ಪ್ರೊಫೆಸರರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಬರ್ಕೊಳಪ್ಪ, ತೊಂಬತ್ತೇಳು. ದೊಡ್ಡದಾಗಿ ಬರಿ" ಎಂದರು.

ನನಗೆ ಖುಷಿಯಾಗಲಿಲ್ಲ. ಗಿಡ ನೆಟ್ಟು ಮೂರು ತಿಂಗಳೂ ಆಗಿರಲಿಲ್ಲ. ವಾರದ ಹಿಂದೆ ಒಂದು ಕಾಬಾಳೆಯನ್ನು ಎತ್ತಿ ನೋಡಿದ್ದೆ. ಬೇರು ಒಂದು ಗೇಣೂ ಇಳಿದಿರಲಿಲ್ಲ. ಇಷ್ಟು ಎಳೆಯ ಬೇರು ಅಷ್ಟು ಕೊಳೆ ತಿನ್ನುವುದುಂಟೆ? ನನ್ನನ್ನು ಬೆಳೆಸಿದ ಅಜ್ಜಿ ಹಾಲಿನವನ ಪಾತ್ರೆಗೆ ಬೆರಳದ್ದಿ ಉಗುರ ಮೇಲೆ ಹನಿ ಬಿಟ್ಟು, ಅದು ನಿಲ್ಲುತ್ತದೋ ಜಾರುತ್ತದೋ ನೋಡಿ ಆಮೇಲೆ ಲೋಟ ಅಳೆಸುವವಳು. ಆ ಉಗುರು ನನಗೂ ಬಂದಿದೆ. ಯಾರೋ ನೀರು ಬೆರೆಸುತ್ತಿದ್ದಾರೆ ಎಂದು ಅನ್ನಿಸಿತು.

ಅನ್ನಿಸುವುದು ಬೇರೆ, ತೋರಿಸುವುದು ಬೇರೆ. ತೋರಿಸಲು ನನಗೆ ಹೊಳೆದದ್ದು ಉಪ್ಪು. ಗಿಡದ ಬೇರು ಕೊಳೆಯನ್ನು ತಿನ್ನಬಹುದು, ಉಪ್ಪನ್ನು ತಿನ್ನಲಾರದು. ಅಡುಗೆಮನೆಯ ನೀರಿನಲ್ಲಿ ಎಷ್ಟು ಉಪ್ಪಿನಂಶ ಒಳಗೆ ಹೋಗುತ್ತದೋ ಹೆಚ್ಚುಕಡಿಮೆ ಅಷ್ಟೇ ಹೊರಗೆ ಬರಬೇಕು. ಕಡಿಮೆ ಬಂದರೆ, ನಡುವೆ ಎಲ್ಲೋ ಒಳ್ಳೆಯ ನೀರು ಸೇರಿದೆ ಎಂದೇ ಅರ್ಥ. ಇದಕ್ಕೆ ಮೂರು ದಿನ ಕಾಯುವುದೂ ಬೇಡ. ನೀರಿಗೆ ಹಳದಿ ಸೂಚಕ ಹಾಕಿ, ಬ್ಯೂರೆಟ್ಟಿನಿಂದ ಸಿಲ್ವರ್ ನೈಟ್ರೇಟನ್ನು ಹನಿ ಹನಿಯಾಗಿ ಬಿಟ್ಟು, ಹಳದಿ ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಎಣಿಸಿದರೆ ಆಯಿತು. ಉಪ್ಪು ಹೆಚ್ಚಿದ್ದಷ್ಟೂ ಹನಿ ಹೆಚ್ಚು.

ಕೊನೆಯ ನಲ್ಲಿಯ ನೀರು ಬೇಗನೆ ಇಟ್ಟಿಗೆ ಬಣ್ಣಕ್ಕೆ ಬಂತು. ಒಂದನೇ ನಂಬರಿನ ಬಾಟಲಿಯ ಉಪ್ಪನ್ನೂ ಆಗ ಅಳೆದಿದ್ದೆ, ಅದಕ್ಕೆ ಎಷ್ಟು ಹಿಡಿದಿತ್ತು ಎಂದು ರಿಜಿಸ್ಟರ್ ತೆಗೆದು ನೋಡಿದೆ. ಬ್ಯೂರೆಟ್ ಎರಡು ಸಲ ತುಂಬಿಸಿದ್ದೆ. ಉಪ್ಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮಾಯ. ಮಾರನೆಯ ದಿನ ಸಿಮೆಂಟ್ ತೊಟ್ಟಿಯ ಮುಚ್ಚಳದ ಸಂದಿಯಿಂದ ಕೊಳವೆ ಇಳಿಬಿಟ್ಟು ಒಳಗಿನ ನೀರನ್ನೂ ಎಳೆದು ನೋಡಿದೆ. ಅದೂ ಅಷ್ಟೇ ತೆಳು. ಅಂದರೆ ಬೆರಕೆ ಪಾತಿಯಲ್ಲಲ್ಲ, ತೊಟ್ಟಿಯಲ್ಲೇ.

ಈಗ ಯಾರು ಎಂಬ ಪ್ರಶ್ನೆ. ಪ್ರೊಫೆಸರರ ಮೇಲೆ ಅರ್ಧ ದಿನ ಸಂಶಯಪಟ್ಟೆ. ಅಂಕಿ ಬೇಕಾದದ್ದು ಅವರಿಗೆ. ಆದರೆ ಬೆನ್ನುನೋವಿನ ಮನುಷ್ಯ, ಬಿದ್ದ ಪೆನ್ನನ್ನೂ ಬಗ್ಗಿ ಎತ್ತುವವರಲ್ಲ. ಕೊನೆಯ ವರ್ಷದ ವಿದ್ಯಾರ್ಥಿಗಳು ಹತ್ತು ಗಂಟೆಗೆ ಮೊದಲು ಆ ಕಡೆ ತಲೆ ಹಾಕಿದವರಲ್ಲ. ಉಳಿದದ್ದು ಮಾಲಿ.

ಮಾಲಿ ಪಕ್ಕದ ಹಳೆಯ ಹಳ್ಳಿಯವನು, ಐವತ್ತು ದಾಟಿದ ಆಸಾಮಿ. ಹಾಸ್ಟೆಲ್ ನಿಂತ ಜಾಗದಲ್ಲಿ ತಾನು ರಾಗಿ ಬಿತ್ತಿದ್ದನ್ನು ಹೇಳುತ್ತಿದ್ದ, ಆದರೆ ದೂರಿನ ದನಿಯಲ್ಲಲ್ಲ, ದಾರಿ ಹೇಳುವವರ ಹಾಗೆ. ಕಂಟ್ರಾಕ್ಟರ್ ಕೈಕೆಳಗೆ ದಿನಗೂಲಿ. ಪಾತಿಯ ಜೊಂಡನ್ನು ಹೊಸಕೆರೆಹಳ್ಳಿ ಕೆರೆಯಂಚಿನಿಂದ ಕಿತ್ತು ಸೈಕಲ್ ಮೇಲೆ ಹೇರಿಕೊಂಡು ಬಂದವನು ಆತನೇ. ನಾನು ನೀರು ಹಿಡಿಯಲು ಹೋದಾಗ ಬಾಟಲಿಯ ಗಾಜಿನ ಬಿರಡೆಯನ್ನು ನೆಲಕ್ಕೆ ತಾಗಿಸಬಾರದು. ಅದನ್ನು ನಾನು ಒಮ್ಮೆ ಹೇಳಿದ್ದೆ ಅಷ್ಟೇ. ಅಂದಿನಿಂದ ಆತ ಕೈ ತೊಳೆದುಕೊಂಡು ಬಂದು, ಬಿರಡೆಯನ್ನು ಎರಡು ಬೆರಳಲ್ಲಿ ಪ್ರಸಾದದ ಹಾಗೆ ಹಿಡಿದು ನಿಲ್ಲುತ್ತಿದ್ದ.

ಆದರೆ ತೊಟ್ಟಿಯ ಪಕ್ಕದಲ್ಲೇ ಕಾವೇರಿ ನೀರಿನ ನಲ್ಲಿ ಇತ್ತು. ಅದಕ್ಕೆ ಆತನ ಹಸಿರು ಪೈಪು ಸಿಕ್ಕಿಸಿಯೇ ಇರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ನಾನು ಹೋದರೆ ಪೈಪು ಒದ್ದೆ, ತೊಟ್ಟಿಯ ಸುತ್ತ ನೆಲ ಒದ್ದೆ, ಗಿಡದ ಬುಡ ಒಣ. ಇಷ್ಟು ಬೇಗ ಯಾವ ಗಿಡಕ್ಕೆ ನೀರು ಬಿಟ್ರಿ ಯಜಮಾನ್ರೇ ಎಂದು ಎರಡು ಸಲ ಕೇಳಿದೆ. ಒಂದು ಸಲ ಸಂಪಿಗೆಗೆ ಅಂದ. ಇನ್ನೊಂದು ಸಲ ಕೇಳಿಸದವನ ಹಾಗೆ ಕುಡುಗೋಲು ಹುಡುಕತೊಡಗಿದ. ಸಂಪಿಗೆ ಮರ ಇದ್ದದ್ದು ಕ್ಯಾಂಪಸ್ಸಿನ ಆ ಕೊನೆಯಲ್ಲಿ.

ನಾನು ಪ್ರೊಫೆಸರರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು. ಪಾತಿಯ ಬಗ್ಗೆ ಅವರಿಗೆ ಇದ್ದದ್ದು ಮಗುವಿನ ಮೇಲಿನ ಪ್ರೀತಿ. ಯಾರೋ ಅದರ ಬಾಯಿಗೆ ನೀರು ಹಾಕಿದ್ದಾರೆ ಎಂದರೆ ಸಹಿಸಲಿಲ್ಲ. ಅಂಕಿ ಬಿದ್ದುಹೋಗುತ್ತದೆ ಎಂಬುದು ಅವರ ತಲೆಗೆ ತಕ್ಷಣ ಬರಲಿಲ್ಲ. ಅವನನ್ನು ತೆಗೆದರೆ ಅಂಕಿ ಇನ್ನೂ ಚೆನ್ನಾಗಿ ನಿಲ್ಲುತ್ತದೆ ಎಂಬಂತೆ ಮಾತಾಡಿದರು. "ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ, ಬರೆದು ಕೊಡಿ" ಅಂದರು. ನಾನು ಬರೆದು ಕೊಟ್ಟೆ. ತೊಟ್ಟಿಗೆ ಹೊರಗಿನ ನೀರು ಸೇರುತ್ತಿದೆ, ಅಲ್ಲಿ ನಲ್ಲಿ ಮತ್ತು ಪೈಪು ಬಳಸುವವರು ಮಾಲಿ ಒಬ್ಬರೇ, ಪರಿಶೀಲಿಸಬೇಕಾಗಿ ವಿನಂತಿ. ನಾಲ್ಕು ಸಾಲು. ಅದರಲ್ಲಿ ಬೇಕೆಂದು ಬರೆದ ಸುಳ್ಳು ಒಂದೂ ಇರಲಿಲ್ಲ. ಇವತ್ತಿಗೂ ನನಗೆ ಚುಚ್ಚುವುದು ಅದೇ.

ಓಪನ್ ಡೇ ಶನಿವಾರ. ಮಂಗಳವಾರ ಸಂಜೆ, ಕ್ಯಾಂಪಸ್ಸಿನ ಕಟ್ಟಡ, ತೋಟ ನೋಡಿಕೊಳ್ಳುವ ಎಸ್ಟೇಟ್ ಆಫೀಸರು ಮಾಲಿಯನ್ನು ಕರೆಸಿದರು. ಬೇರೆ ಕೆಲಸದವರ ಎದುರಿಗೇ ಚೀಲ ಬಿಚ್ಚಿಸಿ ನೋಡಿದರಂತೆ. ನೀರು ಬೆರೆಸಿದವನ ಚೀಲದಲ್ಲಿ ಏನು ಸಿಗುತ್ತದೆಂದು ನೋಡಿದರೋ ನನಗೆ ಗೊತ್ತಿಲ್ಲ. ತಿಂಡಿ ಡಬ್ಬಿ, ಬೀಡಿ ಕಟ್ಟು, ಒಂದು ಮುದುರಿದ ಪ್ಲಾಸ್ಟಿಕ್ ಹಾಳೆ. ಯಾಕೆ ನೀರು ಬಿಟ್ಟೆ ಎಂದರೆ ಬಿಟ್ಟಿಲ್ಲ ಅಂದನಂತೆ. ಹಾಗಾದರೆ ಬೆಳಿಗ್ಗೆ ಅಲ್ಲಿ ಏನು ಮಾಡುತ್ತೀಯ ಎಂದರೆ ಬಾಯಿ ಬಿಡಲಿಲ್ಲವಂತೆ. ಶನಿವಾರ ತೋಟ ನೋಡಿಕೊಳ್ಳಲು ಜನ ಬೇಕು, ಅದು ಮುಗಿದ ಮೇಲೆ ಬರಬೇಡ ಎಂದು ಕಂಟ್ರಾಕ್ಟರ್ ಕಡೆಯಿಂದ ಹೇಳಿಸಿದರು. ಇದನ್ನೆಲ್ಲ ನನಗೆ ಹೇಳಿದವನು ಗೇಟಿನ ವಾಚ್‌ಮನ್. ಹೇಳುವಾಗ ಅವನು ನನ್ನ ಮುಖ ನೋಡದೆ ಮೊಪೆಡ್ಡಿನ ಹೆಡ್‌ಲೈಟ್ ನೋಡಿದ.

ಬಾಯಿ ಬಿಡಲಿಲ್ಲ ಎಂಬುದು ನನ್ನ ಸಂಶಯವನ್ನು ಗಟ್ಟಿ ಮಾಡಬೇಕಿತ್ತು. ಮಾಡಿತು ಕೂಡ. ಆದರೆ ಒಂದು ಎಳೆ ಮಾತ್ರ ಕೂಡಿಬರಲಿಲ್ಲ. ಆ ಮನುಷ್ಯನಿಗೆ ಇದರಿಂದ ಏನು ಲಾಭ? ನೀರು ತೆಳುವಾದರೆ ಅಂಕಿ ಏರುತ್ತದೆ ಎಂದು ಆತನಿಗೆ ಹೇಳಿಕೊಟ್ಟವರು ಯಾರು? ಮನೆಯಲ್ಲಿ ಅನ್ನ ಕಲಸುವಾಗಲೂ ಇದೇ ಯೋಚನೆ. ಕಣ್ಣಲ್ಲಿ ನೋಡದೆ ಬರೆದೆ ಎಂಬುದು ಆಗ ತಲೆಗೆ ಬಂತು.

ಬುಧವಾರ ಬೆಳಿಗ್ಗೆ ಬೇಗನೆ ಯಡಿಯೂರಿನಿಂದ ಹೊರಟೆ. ಕ್ಯಾಂಪಸ್ ಮುಟ್ಟಿದಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಮೊಪೆಡ್ ದೂರದಲ್ಲೇ ನಿಲ್ಲಿಸಿ ನಡೆದುಕೊಂಡು ಮೆಸ್ಸಿನ ಹಿಂದೆ ಹೋಗಿ, ಗ್ಯಾಸ್ ಸಿಲಿಂಡರ್ ಇಡುವ ಜಾಲರಿಯ ಮರೆಯಲ್ಲಿ ನಿಂತೆ. ಈ ವಯಸ್ಸಿನಲ್ಲಿ ಕಳ್ಳನನ್ನು ಹಿಡಿಯಲು ಅವಿತು ನಿಂತಿದ್ದೇನೆ ಎಂದು ನಾಚಿಕೆಯಾಯಿತು, ಆದರೆ ಕಾಲು ಕದಲಲಿಲ್ಲ.

ಆರು ಗಂಟೆ ಆಗುತ್ತಿದ್ದಂತೆ ಹಿಂದಿನ ಗೇಟು ಕಿರ್ರೆಂದಿತು. ಮಾಲಿ ಬಂದ, ಆತನ ಹಿಂದೆ ಸೈಕಲ್ ತಳ್ಳಿಕೊಂಡು ಒಬ್ಬ ಹೆಂಗಸು. ಸೈಕಲ್ಲಿನ ಎರಡು ಪಕ್ಕಕ್ಕೂ ದೊಡ್ಡ ಕ್ಯಾನುಗಳು. ಅಡುಗೆಮನೆಯ ಹಿಂಬಾಗಿಲು ತೆರೆಯಿತು. ಅಡುಗೆಯವರು ಒಂದು ನೀಲಿ ಡ್ರಮ್ಮನ್ನು ಬಾಗಿಲವರೆಗೆ ಉರುಳಿಸಿ ತಂದರು. ಮೂವರೂ ಮಾತಿಲ್ಲದೆ ಡ್ರಮ್ಮಿನಿಂದ ಕ್ಯಾನಿಗೆ ಏನೋ ತುಂಬತೊಡಗಿದರು. ಮೆಸ್ಸಿನ ಎಣ್ಣೆ ಇರಬೇಕು ಎಂದುಕೊಂಡೆ. ಒಂದು ಕಳ್ಳತನ ಹಿಡಿಯಲು ಬಂದರೆ ಇನ್ನೊಂದು ಸಿಕ್ಕಿತು ಅಂದುಕೊಂಡು ಮರೆಯಿಂದ ಈಚೆ ಬಂದೆ.

ಹೆಂಗಸು ಮೊದಲು ನೋಡಿದಳು. "ಇವ್ರೇನಾ ತಮ್ಮಾ, ಆ ಬಾಟ್ಲಿ ಮೇಡಮ್ಮು?" ಎಂದಳು.

ಮಾಲಿ ಕೈಯಲ್ಲಿದ್ದ ಚೆಂಬನ್ನು ಕೆಳಗಿಡಲಿಲ್ಲ. ಓಡಲೂ ಇಲ್ಲ. "ಊಂ ಕಣಕ್ಕ" ಅಂದು ನನ್ನ ಕಡೆ ತಿರುಗಿದ. "ಬರ್ಕೊಳ್ಳಿ ಮೇಡಮ್ಮಾ. ನೀರು ಬುಟ್ಟ ಅಂತ ಬರ್ದಿದ್ದೀರಂತೆ. ಕಲಗಚ್ಚೂ ಹೊತ್ಕೊಂಡೋದ ಅಂತ ಅದರ ಕೆಳಗೇ ಸೇರಿಸ್ಕೊಳ್ಳಿ."

ನಾನು ಡ್ರಮ್ಮಿನೊಳಗೆ ಬಗ್ಗಿದೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ, ನಿನ್ನೆಯ ಮಿಕ್ಕ ಅನ್ನ. ಹುಳಿ ಹುಳಿ ವಾಸನೆ. ನನ್ನ ಅಜ್ಜಿ ಹಾಲಿನವನ ಹಸುವಿಗೆಂದು ಹಿತ್ತಲಲ್ಲಿ ಕಲಗಚ್ಚು ಕೂಡಿಡುತ್ತಿದ್ದ ಬಾನಿಯ ವಾಸನೆ ಅದು. ಬಾಗಿಲ ಬಳಿ ನಿಂತಿದ್ದ ಅಡುಗೆಯವರು ಗದಗದ ಕಡೆಯವರು, ಬಿಟಿಎಂನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದವರು. ಅವರು ನಡುವೆ ಬಂದರು. ಹಿಂದಿನ ಗೇಟಿನಿಂದ ಹೊರಗಿನವರು ಬರಬಾರದು, ಮೆಸ್ಸಿನಿಂದ ಕಡ್ಡಿ ಹೊರಗೆ ಹೋಗಬಾರದು ಎಂದು ವಾರ್ಡನ್ ನೋಟಿಸ್ ಹಚ್ಚಿದ್ದು ನಿಜ, ಅದನ್ನು ಮೀರಿದ್ದು ತಾನು, ಮಾಲಿಯಲ್ಲ ಎಂದರು. ಮಾಲಿಯ ಅಕ್ಕ ಎರಡು ಹಸು ಕಟ್ಟಿದ್ದಾಳೆ, ಮೆಸ್ ಶುರುವಾದ ದಿನದಿಂದಲೂ ಡ್ರಮ್ ಅವಳದೇ ಎಂದರು.

"ಅನ್ನದ ನೀರ್ರಿ ಅದು. ಗಟಾರಕ್ಕ ಸುರುವಾಕ ನನಗ ಕೈ ಬರೂದಿಲ್ರಿ ಮೇಡಂ" ಅಂದರು.

ಮಾತಾಡುತ್ತಲೇ ಅವರು ಒಳಗೆ ಕೈ ಚಾಚಿ, ಗೋಡೆಗೆ ಆನಿಸಿದ್ದ ಚೀಲದಿಂದ ಒಂದು ಹಿಡಿ, ಮತ್ತೊಂದು ಹಿಡಿ ಕಲ್ಲುಪ್ಪು ತೆಗೆದು ಡ್ರಮ್ಮಿಗೆ ಎಸೆದರು. ದಿನವೂ ಮಾಡುವ ಕೆಲಸದ ಹಾಗೆ, ನೋಡದೆಯೇ.

ನಾನು ಅದೇನು ಎಂದೆ. "ಉಪ್ಪು ಹಾಕದಿದ್ರ ದನಾ ಮೂಸಿ ನೋಡೂದಿಲ್ರಿ. ಅದಕ್ಕೂ ನಾಲಿಗಿ ಐತಲ್ರಿ" ಎಂದರು.

ಆಗ ಡ್ರಮ್ಮಿನ ಹೊಟ್ಟೆಯ ಮೇಲೆ ಕೆಂಪು ಬಣ್ಣದ ಒಂದು ಗೀಟು ಕಂಡಿತು. ಆ ಗೀಟನ್ನು ನಾನು ಮೊದಲೂ ನೋಡಿದ್ದೆ. ಎಂಟು ತಿಂಗಳ ಹಿಂದೆ, ಪರೀಕ್ಷೆಯ ಕೆಲಸಕ್ಕೆ ಓಡುವ ಅವಸರದಲ್ಲಿ, ಬಾಟಲಿ ಹಿಡಿದು ಇದೇ ಬಾಗಿಲಿಗೆ ಬಂದಿದ್ದೆ. ಬಚ್ಚಲ ನೀರು ಹೋಗುವ ಚೇಂಬರಿನ ಮುಚ್ಚಳ ಸಿಮೆಂಟ್ ಕಚ್ಚಿಕೊಂಡು ಏಳಲಿಲ್ಲ. ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಕೊಳಕು ನೀರು ಎಲ್ಲಿದೆ ಎಂದು ಇದೇ ಅಡುಗೆಯವರನ್ನು ಕೇಳಿದೆ. ಅವರು ಡ್ರಮ್ ತೋರಿಸಿದರು. ನಾನು ಸೌಟಿನಲ್ಲಿ ತುಂಬಿಕೊಂಡು, 'ಅಡುಗೆಮನೆ ಒಳಹರಿವು, ಒಂದು' ಎಂದು ಚೀಟಿ ಅಂಟಿಸಿ ಹೊರಟೆ. ಅವರು ಸುಳ್ಳು ಹೇಳಿರಲಿಲ್ಲ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿರಲಿಲ್ಲ. ಕಲಗಚ್ಚನ್ನು ಯಾರಾದರೂ ಬಚ್ಚಲಿಗೆ ಸುರಿಯುತ್ತಾರೆಯೇ? ಅಜ್ಜಿಯ ಬಾನಿಗೆ ದಿನ ಸಂಜೆ ಉಪ್ಪು ಹಾಕಿದ ಕೈಯೇ ನನ್ನದು. ಆ ಕೈಯೇ ಚೀಟಿ ಬರೆದಿತ್ತು.

ತೊಟ್ಟಿಯ ನೀರು ತೆಳುವಾಗಿರಲಿಲ್ಲ. ಅದು ಇದ್ದಷ್ಟೇ ಇತ್ತು. ನನ್ನ ಒಂದನೇ ನಂಬರಿನ ಬಾಟಲಿಯೇ ದಪ್ಪವಾಗಿತ್ತು.

ಆದರೂ ನಾನು ಅಲ್ಲೇ ಒಪ್ಪಿಕೊಳ್ಳಲಿಲ್ಲ. ಪೈಪು ಯಾಕೆ ಒದ್ದೆ ಇರುತ್ತದೆ ಎಂದು ಕೇಳಿದೆ. ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ. ಮಾಲಿಯ ಅಕ್ಕ ಉತ್ತರ ಕೊಡುವ ಬದಲು ಪೈಪು ಎಳೆದುಕೊಂಡು, ಮೆಟ್ಟಿಲ ಮೇಲೆ ಚೆಲ್ಲಿದ ಗಂಜಿಯನ್ನು ತೊಳೆದಳು. ವಾರ್ಡನ್ ಕಾಲಿಗೆ ಅಂಟಬಾರದಲ್ಲ. ಮೆಟ್ಟಿಲ ನೀರು ಹರಿದು ಬಂದು ತೊಟ್ಟಿಯ ಸುತ್ತ ನಿಂತಿತು. ಮುಚ್ಚಳ ಎತ್ತರದಲ್ಲಿತ್ತು. ಒಳಗೆ ಒಂದು ಹನಿಯೂ ಹೋಗಲಿಲ್ಲ.

ಚೇಂಬರಿನ ಮುಚ್ಚಳ ಎತ್ತಿಕೊಡ್ತೀರಾ ಯಜಮಾನ್ರೇ ಎಂದೆ. ಆತ ಹಾರೆ ತಂದು ಸಂದಿಗೆ ಹಾಕಿ ಮೀಟಿದ. ಎಂಟು ತಿಂಗಳ ಹಿಂದೆ ಏಳದ ಮುಚ್ಚಳ ಎರಡು ಮೀಟಿಗೆ ಎದ್ದಿತು. ನಾನು ಬಗ್ಗಿ, ತೊಟ್ಟಿಗೆ ಹೋಗುವ ನಿಜವಾದ ಬಚ್ಚಲ ನೀರನ್ನು ಹಿಡಿದೆ. ಬಿರಡೆಗಾಗಿ ಅಭ್ಯಾಸದಂತೆ ಪಕ್ಕಕ್ಕೆ ಕೈ ಚಾಚಿದೆ. ಆತ ಆಗಲೇ ನಾಲ್ಕು ಹೆಜ್ಜೆ ಆಚೆ ನಿಂತಿದ್ದ. ಬಿರಡೆ ನನ್ನ ಎಡಗೈಯಲ್ಲೇ ಇತ್ತು.

ಲ್ಯಾಬ್ ಬಾಗಿಲು ತೆಗೆದು ಹಳದಿ ಸೂಚಕ ಹಾಕಿ ಹನಿ ಬಿಟ್ಟೆ. ಚೇಂಬರಿನ ನೀರು, ತೊಟ್ಟಿಯ ನೀರು, ಕೊನೆಯ ನಲ್ಲಿಯ ನೀರು ಮೂರೂ ಹೆಚ್ಚುಕಡಿಮೆ ಅಷ್ಟಷ್ಟೇ ಹನಿಗಳಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದವು. ಮತ್ತೊಮ್ಮೆ ಮಾಡಿದೆ. ಮೂರನೆಯ ಸಲವೂ ಮಾಡಿದೆ. ಉಪ್ಪು ಎಲ್ಲಿಗೂ ಹೋಗಿರಲಿಲ್ಲ.

ಈಗ ಕಷ್ಟ ಬಂದದ್ದು ಬರೆಯುವುದರಲ್ಲಿ. ಮಾಲಿ ನೀರು ಬೆರೆಸಿಲ್ಲ ಎನ್ನಬೇಕಾದರೆ ಡ್ರಮ್ಮಿನ ವಿಷಯ ಹೇಳಬೇಕು. ಡ್ರಮ್ ಎಲ್ಲಿಗೆ ಹೋಗುತ್ತದೆ ಎಂದು ಹೇಳಿದರೆ, ನೀರಿನ ಆರೋಪ ಹೋಗಿ ಗೇಟಿನ ಆರೋಪ ಬರುತ್ತದೆ. ಅಡುಗೆಯವರೂ ಅದರೊಳಗೆ ಬೀಳುತ್ತಾರೆ. ಆತ ಮಂಗಳವಾರ ಬಾಯಿ ಬಿಡದಿದ್ದದ್ದು ಅದಕ್ಕೇ. ಅಕ್ಕನನ್ನೂ ಅಡುಗೆಯವರನ್ನೂ ಕಾಯಲು ತನ್ನ ಕೂಲಿ ಬಿಟ್ಟುಕೊಟ್ಟು ಕೂತಿದ್ದ.

ನಾಲ್ಕು ಸಲ ಹರಿದು ಬರೆದೆ. ಕೊನೆಗೆ ಉಳಿದದ್ದು ಇಷ್ಟು: ಒಂದನೇ ನಂಬರಿನ ಮಾದರಿಯನ್ನು ನಾನು ಬಚ್ಚಲ ಚೇಂಬರಿನಿಂದ ತೆಗೆಯದೆ, ಬಚ್ಚಲಿಗೆ ಸೇರದ ಒಂದು ಪಾತ್ರೆಯಿಂದ ತೆಗೆದಿದ್ದೆ. ತಪ್ಪು ನನ್ನದು. ತೊಟ್ಟಿಗೆ ಹೊರಗಿನ ನೀರು ಸೇರಿಲ್ಲ, ಪರೀಕ್ಷೆಯ ವಿವರ ಲಗತ್ತಿಸಿದೆ. ಮಾಲಿಯವರ ಮೇಲೆ ನಾನು ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ.

ಅದನ್ನು ಹಿಡಿದುಕೊಂಡು ಪ್ರೊಫೆಸರರ ಕೋಣೆಯ ಕಡೆ ಹೊರಟವಳು ಮೆಟ್ಟಿಲ ಮಧ್ಯದಲ್ಲಿ ನಿಂತೆ. ನನ್ನನ್ನು ನಾನು ಬಲ್ಲೆ. ಅವರು ಎರಡು ಮಾತು ಮೃದುವಾಗಿ ಹೇಳಿದರೆ, ಬೋರ್ಡ್ ಬರೆದಾಗಿದೆ, ಶನಿವಾರ ಮುಗಿಯಲಿ, ಆಮೇಲೆ ಸರಿಮಾಡೋಣ ಎಂದರೆ, ನಾನು ಹೂಂ ಎಂದುಬಿಡುತ್ತೇನೆ. ಒಂದು ಸಲ ಹಾಗೆ ಅಂದದ್ದೂ ಉಂಟು. ಶನಿವಾರ ಮುಗಿದರೆ ಮಾಲಿಯೂ ಮುಗಿದ. ಹಾಗಾಗಿ ಮೆಟ್ಟಿಲು ಇಳಿದು ಮೊದಲು ಎಸ್ಟೇಟ್ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತೆಯ ಎದುರು ನಿಂತು, ಕಾಗದಕ್ಕೆ ಸೀಲು ಹೊಡೆಸಿ, ನನ್ನ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆ. ಶಾಯಿ ಒಣಗಲಿ ಎಂದು ಊದಿಕೊಂಡು ನಿಂತವಳನ್ನು ನೋಡಿ ಆಕೆ, ಏನ್ ಮೇಡಂ, ಮಗೂಗೆ ಗಂಜಿ ಆರಿಸೋ ಹಾಗೆ ಊದ್ತೀರಲ್ಲ ಎಂದಳು.

ಪ್ರೊಫೆಸರರು ಪ್ರತಿಯನ್ನು ಓದಿದರು. ಸೀಲು ನೋಡಿದರು. ಮೊದಲು ಅಲ್ಲಿ ಕೊಟ್ಟು ಬಂದಿರಾ ಎಂದರು. ಹೌದು ಸಾರ್ ಎಂದೆ. ಕಿಟಕಿಯಾಚೆ ಬೋರ್ಡಿನವನು ತೊಂಬತ್ತೇಳರ ಒಂಬತ್ತಕ್ಕೆ ಹಸಿರು ಅಂಚು ಎಳೆಯುತ್ತಿದ್ದ.

"ಆ ಪಾತ್ರೆ ನೀರು ಎಲ್ಲಿ ಹೋಗುತ್ತೆ?" ಎಂದರು.

"ಬಚ್ಚಲಿಗೆ ಹೋಗಲ್ಲ ಸಾರ್. ನಾನು ಅಷ್ಟೇ ಬರೆದಿರೋದು."

ನನ್ನನ್ನು ಅವರು ನೋಡಿದ ಬಗೆ ಹೊಸದು. ಹತ್ತು ವರ್ಷದಿಂದ ನಂಬಿದವರನ್ನು ಹಾಗೆ ನೋಡುವುದಿಲ್ಲ. ಇನ್ನೇನು ಬಚ್ಚಿಟ್ಟಿದ್ದೀಯ ಎಂದು ಆ ಕಣ್ಣು ಕೇಳುತ್ತಿತ್ತು. ರಿಜಿಸ್ಟರ್ ತರಿಸಿ, ಒಂದನೇ ನಂಬರಿನ ಪುಟ ತೆಗೆದು, ಸಹಿ ಯಾರದು ಎಂದರು. ನನ್ನದೇ ಸಾರ್ ಎಂದೆ. ಬೆರಳನ್ನು ಸ್ವಲ್ಪ ಕೆಳಗೆ ಸರಿಸಿ, ಇದು ಯಾರದು ಎಂದರು. ಅದು ಅವರದು. ಎಲ್ಲಿಂದ ತೆಗೆದಿರಿ ಎಂದು ಕೇಳದೆ ಹಾಕಿದ ಸಹಿ. ರಿಜಿಸ್ಟರ್ ಮುಚ್ಚಿ, ಚೇಂಬರಿನ ನೀರನ್ನು ಇವತ್ತೇ ಇನ್‌ಕ್ಯುಬೇಟರ್‌ಗೆ ಇಡಿ, ಶನಿವಾರ ಬೆಳಿಗ್ಗೆ ಬರುವ ಅಂಕಿಯನ್ನೇ ಬರೆಸೋಣ ಎಂದರು.

ಶನಿವಾರ ಬೆಳಿಗ್ಗೆ ಬಂದ ಅಂಕಿ ಅರವತ್ತೊಂದು. ಎಳೆಯ ಬೇರಿಗೆ ತಕ್ಕ ಅಂಕಿ. ಬೋರ್ಡಿನವನು ಗೊಣಗುತ್ತಾ ಬಿಳಿ ಬಣ್ಣ ಬಳಿದು ಅದರ ಮೇಲೆ ಬರೆದ. ಬಣ್ಣ ಪೂರ್ತಿ ಒಣಗದೆ, ಹಳೆಯ ಒಂಬತ್ತರ ಹಸಿರು ಅಂಚು ದಿನವಿಡೀ ಒಳಗಿಂದ ಇಣುಕುತ್ತಿತ್ತು.

ಜನ ಬಂದರು. ಮೋಡ ಮುಚ್ಚಿ ಬಿಸಿಲೊಲೆಯ ಅಕ್ಕಿ ಬೇಯಲೇ ಇಲ್ಲ. ಸೈಕಲ್ ಪಂಪಿಗೆ ಮಕ್ಕಳ ಸಾಲು. ನಮ್ಮ ಪಾತಿಯ ಮುಂದೆ ಜಯನಗರದ ಒಬ್ಬ ನಿವೃತ್ತ ಹಿರಿಯರು ಬಹಳ ಹೊತ್ತು ನಿಂತು ಬೋರ್ಡನ್ನೂ ನನ್ನನ್ನೂ ನೋಡಿದರು. ಬಿಳಿ ಬಣ್ಣದ ಹಿಂದೆ ಇಣುಕುತ್ತಿದ್ದ ಅಂಚಿಗೆ ಕೊಡೆಯ ತುದಿ ಇಟ್ಟರು.

"ಇದ್ರ ಕೆಳಗೆ ಬೇರೆ ಏನೋ ಬರೆದಿತ್ತಲ್ಲಮ್ಮ?"

"ತೊಂಬತ್ತೇಳು ಅಂತ ಇತ್ತು ಅಂಕಲ್. ತಪ್ಪು ಲೆಕ್ಕ. ನಾನೇ ಹಾಕಿದ್ದು."

"ಈಗ ಹಾಕಿರೋದು ಸರಿ ಅಂತ ಹೇಗೆ ನಂಬೋದು?"

ನ್ಯಾಯವಾದ ಪ್ರಶ್ನೆ. ಅವರನ್ನು ಚೇಂಬರಿನ ಬಳಿಗೆ ಕರೆದುಕೊಂಡು ಹೋಗಿ, ನೀರು ಎಲ್ಲಿಂದ ಹಿಡಿದೆ ಎಂದು ತೋರಿಸಿದೆ. ಬ್ಯೂರೆಟ್ ಹೊರಗೆ ತಂದು ಅವರ ಕೈಯಿಂದಲೇ ಹನಿ ಬಿಡಿಸಿದೆ. ಇಟ್ಟಿಗೆ ಬಣ್ಣ ಬಂದಾಗ ಅವರು ಇನ್ನೊಮ್ಮೆ ಮಾಡಬೇಕು ಎಂದರು. ಅವರ ಹಿಂದೆ ಸಾಲು ಬೆಳೆಯಿತು. ಅಂದು ಪ್ರೊಫೆಸರರ ಭಾಷಣಕ್ಕಿಂತ ನನ್ನ ಬ್ಯೂರೆಟ್ಟಿನ ಮುಂದೆಯೇ ಜನ ಹೆಚ್ಚಿದ್ದರು. ಪ್ರೊಫೆಸರರು ಎರಡು ಸಲ ಬಂದು ನೋಡಿ ಹೋದರು. ನಾಲ್ಕರ ಹೊತ್ತಿಗೆ ಕಾಫಿ ತರಿಸಿಕೊಟ್ಟರು.

ಮಾಲಿ ಉಳಿದ. ಎಸ್ಟೇಟ್ ಆಫೀಸಿನಿಂದ ಕಂಟ್ರಾಕ್ಟರಿಗೆ ಒಂದು ಸಾಲಿನ ಚೀಟಿ ಹೋಯಿತು. ಹಿಂದಿನ ಗೇಟು ಬೆಳಿಗ್ಗೆ ಆರಕ್ಕೆ ಕಿರ್ರೆನ್ನುವುದೂ ನಿಲ್ಲಲಿಲ್ಲ. ಆ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ.

ಓಪನ್ ಡೇ ಕಳೆದ ಮುಂದಿನ ಬುಧವಾರ ಬಾಟಲಿ ಹಿಡಿದು ಪಾತಿಗೆ ಹೋದೆ. ಮಾಲಿ ಕಾಬಾಳೆಯ ಒಣಗಿದ ಎಲೆ ತೆಗೆಯುತ್ತಿದ್ದ. ತಪ್ಪಾಯ್ತು ಯಜಮಾನ್ರೇ ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೇಳಿದೆ ಕೂಡ. ಆತ ತಲೆಯಾಡಿಸಿ, "ಇರ್ಲಿ ಬುಡಿ ಮೇಡಮ್ಮಾ" ಎಂದ. ಆಮೇಲೆ ಎದ್ದು, ಕಾವೇರಿ ನಲ್ಲಿಯ ಹತ್ತಿರ ಹೋಗಿ, ಪೈಪನ್ನು ಬಿಚ್ಚಿ, ಅದರ ಬಾಯಿಯನ್ನು ನನ್ನ ಕಡೆ ತಿರುಗಿಸಿ ಎತ್ತಿ ಹಿಡಿದ. ಒಂದು ಹನಿಯೂ ಬೀಳಲಿಲ್ಲ. ನಲ್ಲಿಯನ್ನು ಇನ್ನೊಂದು ಸುತ್ತು ಬಿಗಿದು, ಪೈಪನ್ನು ಸುರುಳಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದ.

"ನೋಡ್ಕೊಂಡ್ರಾ? ಈಗ ನೀರು ಇಡ್ಕೊಳ್ಳಿ" ಎಂದ.

ಅದರಲ್ಲಿ ವ್ಯಂಗ್ಯ ಇರಲಿಲ್ಲ ಎಂದೇ ನನಗನ್ನಿಸುತ್ತದೆ. ನನಗೆ ಬೇಕಾದದ್ದು ಅದು ಎಂದು ಆತ ತಿಳಿದಿದ್ದ, ಅಷ್ಟೇ. ಆ ಪಾತಿಯಿಂದ ನಾನು ಆಮೇಲೆ ಆರು ವರ್ಷ ನೀರು ಹಿಡಿದೆ. ಪ್ರತಿ ಸಲವೂ ಆತ ನಾನು ಕೇಳದೆಯೇ ಪೈಪು ಎತ್ತಿ ತೋರಿಸಿ, ಮೊಳೆಗೆ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದ. ಬಿರಡೆಯನ್ನು ನಾನೇ ಹಿಡಿದುಕೊಳ್ಳುತ್ತಿದ್ದೆ.